ಕುರ್ಚಿ ಬೇಡ, ಹಡಗು ಬೇಕು

ಕುರ್ಚಿಯಂತೆ, ಕುರ್ಚಿ! ಹಿಂದಕ್ಕೆ ಒರಗಿದರೆ ಕಾಲು ತಾನಾಗಿಯೇ ಮೇಲೇಳುವ ಕುರ್ಚಿಯಂತೆ. ಮನೆಯಲ್ಲಿ ಆ ಮಾತು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು. ಮಗಳು ಫೋನಿನಲ್ಲಿ ಅದರ ಚಿತ್ರ ತೋರಿಸುತ್ತಾಳೆ, ಯಜಮಾನರು ಕನ್ನಡಕ ಏರಿಸಿಕೊಂಡು ಬಣ್ಣ ಆರಿಸುತ್ತಾರೆ. ಕೂರಬೇಕಾದವಳು ನಾನು. ನನ್ನೊಬ್ಬಳನ್ನು ಬಿಟ್ಟು ಎಲ್ಲರನ್ನೂ ಕೇಳಿದ್ದಾಯಿತು.

ನಾನು ಸರಕು ಯಾರ್ಡಿನಲ್ಲಿ ಕ್ರೇನ್ ನಡೆಸುವವಳು. ರೈಲಿನ ಮೇಲಿನ ಕಂಟೇನರ್ ಎತ್ತಿ ಲಾರಿಯ ಮೇಲೆ, ಲಾರಿಯ ಮೇಲಿನದನ್ನು ಎತ್ತಿ ರೈಲಿನ ಮೇಲೆ ಇಡುವುದು ನನ್ನ ಕಸುಬು. ಉದ್ದನೆಯ ಕಬ್ಬಿಣದ ಏಣಿ ಹತ್ತಿದರೆ ಮೇಲೊಂದು ಗಾಜಿನ ಕ್ಯಾಬಿನ್, ಅದರಲ್ಲಿ ಒಬ್ಬರಿಗಷ್ಟೇ ಜಾಗ, ಎರಡು ಕೈಗೆ ಎರಡು ಲಿವರ್. ಮದುವೆಗೆ ಮುಂಚೆ ಹತ್ತಿದವಳು ಅಜ್ಜಿಯಾಗುವ ವಯಸ್ಸಿನವರೆಗೂ ಹತ್ತಿದೆ. ಆಮೇಲೆ ಮಂಡಿ ಮುನಿಸಿಕೊಂಡಿತು. ಡಾಕ್ಟರು ಎಕ್ಸ್‌ರೇ ನೋಡಿ, "ಇನ್ನು ಏಣಿ ಹತ್ತೋದು ಬೇಡಮ್ಮ" ಎಂದರು. ಕೈ ಹೇಗಿದೆ ಎಂದು ಕೇಳಲಿಲ್ಲ. ಕೈಗೆ ಏನೂ ಆಗಿರಲಿಲ್ಲ.

ನಮ್ಮ ಯಾರ್ಡಿನಲ್ಲಿ ಒಂದು ಪದ್ಧತಿಯಿದೆ. ಕ್ರೇನಿನಿಂದ ಕೊನೆಯ ಸಲ ಇಳಿಯುವವರು ಏಣಿಯ ಬುಡದಲ್ಲಿ ನಿಂತು, ಎಲ್ಲರ ಎದುರಿಗೆ, ತಮಗೆ ಬೇಕಾದ ಒಂದು ವಸ್ತುವನ್ನು ಬಾಯಿಬಿಟ್ಟು ಕೇಳಬೇಕು. ಜೊತೆಯವರೆಲ್ಲ ಸೇರಿ ಅದನ್ನು ಕೊಡಿಸುತ್ತಾರೆ. ಮುಂಚಿತವಾಗಿ ಹೇಳುವ ಹಾಗಿಲ್ಲ, ಹೇಳಿದ ಮೇಲೆ ಬದಲಾಯಿಸುವ ಹಾಗಿಲ್ಲ. ಒಬ್ಬ ಗೋಡೆ ಗಡಿಯಾರ ಕೇಳಿದ, ಇನ್ನೊಬ್ಬ ಮಂಚ ಕೇಳಿದ, ಒಬ್ಬ ಪುಣ್ಯಾತ್ಮ ಮೀನು ಹಿಡಿಯುವ ಗಾಳ ಕೇಳಿದ. ಈಗ ನನ್ನ ಸರದಿ ಬಂದಿತ್ತು, ತಿಂಗಳ ಕೊನೆಯ ಶುಕ್ರವಾರ ನಾನು ಇಳಿಯಬೇಕಿತ್ತು. ನನ್ನ ಮನೆಯವರು ನನ್ನ ಬಾಯಿಗೆ ಕುರ್ಚಿ ತುರುಕಲು ಹೊರಟಿದ್ದರು.

ನನಗೆ ಬೇಕಾಗಿದ್ದದ್ದು ಬೇರೆ.

ಯಾರ್ಡಿನ ಗೇಟಿನ ಪಕ್ಕದಲ್ಲೇ ಒಂದು ವಿಡಿಯೋ ಗೇಮ್ ಅಂಗಡಿಯಿದೆ. ಒಂದು ದಿನ ಮಂಡಿ ಚುಚ್ಚಿ ಮಧ್ಯಾಹ್ನವೇ ರಜೆ ಹಾಕಿ ಹೊರಟವಳು, ಬಸ್ಸು ಬರುವವರೆಗೆ ಕೂತಿರೋಣ ಎಂದು ಒಳಗೆ ಹೋದೆ. ಹೊಸ ಆಟವೊಂದು ಬಂದಿತ್ತು, ಹೆಸರು 'ಆಚೆಯ ದಡ'. ಬಂದವರು ಆಡಿ ನೋಡಲಿ ಎಂದು ದೊಡ್ಡ ಟೀವಿಯ ಮುಂದೆ ಸ್ಟೂಲ್ ಹಾಕಿದ್ದರು.

"ಮೊಮ್ಮಕ್ಕಳಿಗಾ ಆಂಟಿ?" ಎಂದಳು ಅಂಗಡಿಯಾಕೆ.

"ಯಾಕೆ, ನನಗೆ ಕೈ ಇಲ್ವಾ?" ಎಂದೆ.

ಆಕೆ ನಕ್ಕು ಕಂಟ್ರೋಲರನ್ನು ನನ್ನ ಕೈಗಿಟ್ಟಳು. ಒಂದು ಪುಟ್ಟ ಆಕಾಶಹಡಗು, ಅದರ ಹೊಟ್ಟೆಯಲ್ಲಿ ಸರಕು. ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗಬೇಕು, ಯಾರೂ ನೋಡದ ಗ್ರಹಗಳನ್ನು ಹುಡುಕಬೇಕು, ಸರಕನ್ನು ನಿಲ್ದಾಣಕ್ಕೆ ತಲುಪಿಸಬೇಕು. ಎರಡು ಹೆಬ್ಬೆರಳಿಗೆ ಎರಡು ಕಡ್ಡಿ. ತಿರುಗಿಸಿದರೆ ಹಡಗು ಕೂಡಲೇ ತಿರುಗುವುದಿಲ್ಲ, ಭಾರ ಹೊತ್ತಿದ್ದು ಗೊತ್ತಾಗುವ ಹಾಗೆ ಒಂದು ಕ್ಷಣ ತಡೆದು, ತೂಗಿ, ಆಮೇಲೆ ತಿರುಗುತ್ತದೆ. ಅಯ್ಯೋ, ಇದು ನನ್ನ ಲೋಡೇ ಅಲ್ಲವೇ ಅನ್ನಿಸಿತು. ಮೈ ಜುಮ್ಮೆಂದಿತು. ನಿಲ್ದಾಣದ ಬಾಗಿಲಿನವರೆಗೂ ಹಡಗನ್ನು ನಯವಾಗಿ ತಂದು ನಿಲ್ಲಿಸಿದೆ.

ನಿಲ್ಲಿಸಿ ಕಾದೆ.

"ಯಾಕ್ ನಿಂತ್ರಿ ಆಂಟಿ? ಒಳಗೆ ಹೋಗಿ."

"ಇರಿ, ಕೈ ತೋರಿಸ್ಲಿ."

"ಯಾರು?"

ಅಷ್ಟರಲ್ಲಿ ಟೀವಿ ತುಂಬ ಕೆಂಪು ದೀಪ. ಆಮ್ಲಜನಕ ಮುಗಿದು ನನ್ನ ಹಡಗು ಕತ್ತಲಾಯಿತು. ಅಂಗಡಿಯಾಕೆ ಬಿದ್ದು ಬಿದ್ದು ನಕ್ಕಳು. ಅವಳಿಗೇನು ಗೊತ್ತು? ಕ್ರೇನಿನವರು ತಾವಾಗಿ ಏನನ್ನೂ ಇಳಿಸುವುದಿಲ್ಲ. ಕೆಳಗೊಬ್ಬ ನಿಂತು ಕೈಸನ್ನೆ ಮಾಡುತ್ತಾನೆ. ಅವನ ಕೈ ಎದ್ದರೆ ಲೋಡು ಏಳಬೇಕು, ಅವನ ಕೈ ಇಳಿದರೆ ಇಳಿಯಬೇಕು. ನಮ್ಮಲ್ಲಿ ಆ ಕೆಲಸದವನಿಗೆ ಬಾವುಟ ಅಂತಲೇ ಅಡ್ಡಹೆಸರು. ಇಷ್ಟು ವರ್ಷ ಮೋಡದ ಪಕ್ಕ ಕೂತು ನಾನು ನೋಡಿದ್ದು ಬಾವುಟನ ಅಂಗೈಯನ್ನು.

ಎರಡನೇ ಸಲ ಯಾರ ಕೈಗೂ ಕಾಯದೆ ನುಗ್ಗಿದೆ, ನಿಲ್ದಾಣದ ಗೋಡೆಗೆ ಬಡಿದು ಹಡಗು ಚೂರುಚೂರಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನೂ ಕಂಟ್ರೋಲರ್ ಸರಿಯಿಲ್ಲ ಎಂದೆ. ಮೂರನೇ ಸಲ ನಿಲ್ದಾಣದ ಸಹವಾಸವೇ ಬೇಡವೆಂದು ಹಡಗನ್ನು ಹಿಂದಕ್ಕೆ ತಿರುಗಿಸಿ, ಕಣ್ಣಿಗೆ ಕಂಡ ನೀಲಿ ಚುಕ್ಕೆಯ ಕಡೆ ಬಿಟ್ಟೆ. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಯಾರೂ ಕೈ ಎತ್ತಲಿಲ್ಲ. ಬಸ್ಸು ಬಂದು ಹೋಗಿದ್ದೂ ತಿಳಿಯದಷ್ಟು ಖುಷಿಯಾಯಿತು ನನಗೆ.

ಗೇಮ್ ಹಾಕಿ ಆಡುವ ಯಂತ್ರ ಮನೆಯಲ್ಲೇ ಇತ್ತು, ಆಟವೊಂದನ್ನು ಕೊಂಡರೆ ಸಾಕಿತ್ತು. ಮಗಳು ಮದುವೆಯಾಗಿ ಹೋಗುವಾಗ ಟೀವಿಯ ಕೆಳಗೆ ಬಿಟ್ಟುಹೋಗಿದ್ದಳು. ಅವಳದು ಎರಡು ಬೀದಿಯಾಚೆ ಔಷಧದ ಅಂಗಡಿ, ದಿನಾ ಸಂಜೆ ಬಂದು ನಮ್ಮ ಮಾತ್ರೆ ಎಣಿಸಿ ಹೋಗುತ್ತಾಳೆ. ಆ ದಿನ ಊಟಕ್ಕೆ ಕೂತಾಗ ವಿಷಯ ತೆಗೆದೆ. ಅವಳ ತುತ್ತು ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು.

"ಅಮ್ಮ, ತಮಾಷೆನಾ?"

"ನನ್ನ ಮುಖ ನೋಡಿದ್ರೆ ತಮಾಷೆ ಮಾಡೋ ಹಾಗಿದೆಯಾ?"

"ಊರು ಹೋಗು ಅಂತಿದೆ, ಕಾಡು ಬಾ ಅಂತಿದೆ, ಈಗ ನಿಂಗೆ ರಾಕೆಟ್ಟು ಬೇಕಾ? ಯಾರ್ಡಿನವರೆಲ್ಲ ನಗಲ್ವಾ? ನನ್ನ ಅಂಗಡಿಗೆ ಬರೋರು ಬಾಯಿಗೆ ಬಂದಂಗೆ ಮಾತಾಡಲ್ವಾ?"

"ಆಡಲಿ. ಕೆಮ್ಮಿನ ಔಷಧಿ ಕೊಟ್ಟು ಕಳಿಸು."

ಯಜಮಾನರು ಸಾರು ಬಡಿಸಿಕೊಂಡರು. ಅವರದು ಬೀಗ ರಿಪೇರಿ ಕೆಲಸ. ಊರವರ ಬೀಗವನ್ನೆಲ್ಲ ಬಿಚ್ಚುತ್ತಾರೆ, ತಮ್ಮ ಬಾಯಿಯದೊಂದನ್ನು ಬಿಟ್ಟು. ತಟ್ಟೆ ಎತ್ತಿಕೊಂಡು ಏಳುವಾಗ, "ಕುರ್ಚಿ ತಗೊಳ್ಳೇ. ಸಾಕು, ಸ್ವಲ್ಪ ಕೂತ್ಕೋ" ಎಂದರು. ಅಷ್ಟೇ. ಮಗಳ ಗಲಾಟೆಗೆ ಬಗ್ಗದವಳಿಗೆ ಆ ಒಂದು ಮಾತು ಕಲ್ಲಿನ ಹಾಗೆ ಎದೆಯ ಮೇಲೆ ಕೂತಿತು.

ನಿಜ ಹೇಳುತ್ತೇನೆ, ಆಮೇಲಿನ ದಿನಗಳಲ್ಲಿ ನಾನು ಅಲುಗಾಡಿದೆ. ಮೇಲೆ ಕ್ಯಾಬಿನ್ನಿನಲ್ಲಿ ಕೂತು ಕುರ್ಚಿಯೇ ಸರಿ ಅಂದುಕೊಳ್ಳುತ್ತಿದ್ದೆ. ಮಂಡಿಗೆ ಸುಖ, ಮಗಳಿಗೆ ಮರ್ಯಾದೆ, ಯಜಮಾನರಿಗೆ ನೆಮ್ಮದಿ. ಮರುಕ್ಷಣ ಆ ಕುರ್ಚಿಯಲ್ಲಿ ನನ್ನನ್ನೇ ನೆನೆಸಿಕೊಳ್ಳುತ್ತಿದ್ದೆ. ಕಾಲು ಮೇಲೆ, ಕೈ ತೊಡೆಯ ಮೇಲೆ, ಯಾರೋ ತಂದುಕೊಟ್ಟ ಟೀ, ಯಾರೋ ಹಾಕಿದ ಟೀವಿ. ಒಮ್ಮೆ ಅದರಲ್ಲಿ ಒರಗಿದರೆ ಮತ್ತೆ ಯಾರೂ ನನ್ನನ್ನು ಏನನ್ನೂ ಕೇಳುವುದಿಲ್ಲ ಎಂದು ಖಂಡಿತವಾಗಿ ಗೊತ್ತಿತ್ತು. ಈಗಲೇ ಕೇಳುತ್ತಿಲ್ಲ! ಹೆದರಿಕೆಯಾಯಿತು. ಏಣಿಯಿಂದ ಬೀಳುವ ಹೆದರಿಕೆ ಎಂದೂ ಆಗಿರದವಳಿಗೆ ಒಂದು ಮೆತ್ತನೆಯ ಕುರ್ಚಿಯನ್ನು ಕಂಡರೆ ಹೆದರಿಕೆ.

ಶುಕ್ರವಾರ ಮಧ್ಯಾಹ್ನ ಕೊನೆಯ ಕಂಟೇನರ್ ಇಳಿಸಿ, ಲಿವರ್ ಒರೆಸಿ, ಒಂದೊಂದೇ ಮೆಟ್ಟಿಲು ಇಳಿದೆ. ಅಲ್ಲಿಯವರೆಗೂ ಏನು ಕೇಳಬೇಕೆಂದು ನಾನು ನಿರ್ಧರಿಸಿರಲಿಲ್ಲ. ಕೆಳಗೆ ಎಲ್ಲರೂ ಸೇರಿದ್ದರು. ಮಗಳು ಹೊಸ ಬಟ್ಟೆ ಉಟ್ಟು ಬಂದಿದ್ದಳು, ಯಜಮಾನರು ಅಂಗಡಿ ಮುಚ್ಚಿ ಬಂದಿದ್ದರು. ಅವರ ನಡುವೆ, ಪ್ಲಾಸ್ಟಿಕ್ ಹೊದಿಕೆ ಸಮೇತ, ಕೆಂಪು ರಿಬ್ಬನ್ ಕಟ್ಟಿಸಿಕೊಂಡು ನಿಂತಿತ್ತು, ಕುರ್ಚಿ.

ಮೈಯೆಲ್ಲ ಉರಿದುಹೋಯಿತು.

"ಬನ್ನಿ ಅಕ್ಕ, ಬನ್ನಿ, ಕೂತ್ಕೊಳ್ಳಿ, ಒಂದು ಫೋಟೋ ತೆಗೀತೀವಿ" ಎಂದ ಯಾರ್ಡಿನ ಮೇಸ್ತ್ರಿ. "ನಿಮಗೆ ಕೇಳೋಕೆ ಸಂಕೋಚ ಅಂತೆ. ನಿಮ್ಮ ಮಗಳು ಫೋನ್ ಮಾಡಿ ಹೇಳಿದ್ರು, ಅದಕ್ಕೇ ನಾವೇ ತಂದ್ಬಿಟ್ವಿ."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಾ?" ಎಂದೆ. "ಗಾಳ ಕೇಳಿದವನಿಗೆ ಸಂಕೋಚ ಇರಲಿಲ್ಲ, ನನಗೆ ಇರುತ್ತಾ? ಪದ್ಧತಿ ಏನಪ್ಪಾ? ಇಳಿದವರನ್ನ ಕೇಳಬೇಕು. ಕೇಳು ನನ್ನ."

"ಅಕ್ಕ, ತಂದಾಗಿದೆಯಲ್ಲ..."

"ಕೇಳು."

ಲಾರಿ ಡ್ರೈವರುಗಳೂ ತಿರುಗಿ ನೋಡತೊಡಗಿದರು. ಮೇಸ್ತ್ರಿ ಬೆವರು ಒರೆಸಿಕೊಂಡು, ಪರೀಕ್ಷೆಗೆ ಓದದೆ ಬಂದವನ ಹಾಗೆ ಕೇಳಿದ: "ಕ್ರೇನಿಂದ ಇಳಿದಿದ್ದೀರಿ. ಏನು ಬೇಕು ಕೇಳಿ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು ಅಂಗೈ ಎತ್ತಿದಳು, ಸಾಕು ನಿಲ್ಲಿಸು ಎಂದು. ಯಾರ್ಡಿನ ಕಾನೂನು ಏನೆಂದರೆ, ಮಿಕ್ಕ ಸನ್ನೆಗಳನ್ನು ಬಾವುಟನೊಬ್ಬನೇ ಮಾಡಬೇಕು, ಆದರೆ ನಿಲ್ಲಿಸು ಎಂದು ಯಾರು ಕೈ ಎತ್ತಿದರೂ ಕ್ರೇನಿನವರು ನಿಲ್ಲಿಸಲೇಬೇಕು. ಕಸಗುಡಿಸುವವರು ಎತ್ತಿದರೂ ಸರಿ. ನನ್ನ ಜನ್ಮದಲ್ಲಿ ಆ ಅಂಗೈ ನೋಡಿ ನಾನು ನಿಲ್ಲದೆ ಇದ್ದದ್ದಿಲ್ಲ. ಅಭ್ಯಾಸಬಲ, ತೆರೆದ ಬಾಯಿ ಮುಚ್ಚಿದೆ.

ಆಮೇಲೆ ಅನ್ನಿಸಿತು: ನನ್ನ ಕೈಯಲ್ಲಿ ಈಗ ಲೋಡಿಲ್ಲ. ನಾನು ಮಾತನ್ನು ಹೊರಗೆ ಬಿಟ್ಟರೆ ಅದು ಯಾರ ತಲೆಯ ಮೇಲೂ ಬೀಳುವುದಿಲ್ಲ.

"'ಆಚೆಯ ದಡ' ಅಂತ ವಿಡಿಯೋ ಗೇಮು," ಎಂದೆ, ರೈಲಿನ ಆ ತುದಿಗೂ ಕೇಳುವ ಹಾಗೆ. "ಗೇಟಿನ ಪಕ್ಕದ ಅಂಗಡೀಲಿದೆ. ಆಕಾಶದಲ್ಲಿ ಹಡಗು ನಡೆಸೋ ಆಟ. ಮೊಮ್ಮಕ್ಕಳಿಗಲ್ಲ, ನನಗೆ. ಆ ಕುರ್ಚೀನ ಗೇಟಿನ ಕಾವಲುಗಾರನಿಗೆ ಕೊಡಿ, ನಿಂತೂ ನಿಂತೂ ಅವನ ಕಾಲು ಊದಿಕೊಂಡಿದೆ."

ಒಬ್ಬ ಕಿಸಕ್ಕೆಂದ. ಅವನನ್ನು ನೋಡಿ ಇನ್ನೊಬ್ಬ. ಆಮೇಲೆ ಇಡೀ ಯಾರ್ಡು ನಕ್ಕಿತು. ನಗಲಿ ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತೆ. ನಕ್ಕು ಮುಗಿಯುವವರೆಗೂ ನಿಂತೆ, ಮಂಡಿ ಪ್ರಾಣ ಹಿಂಡುತ್ತಿದ್ದರೂ ಕೂರಲಿಲ್ಲ. ಕೊನೆಗೆ ಬಾವುಟ, "ಅಕ್ಕ ಕೇಳಿದ್ದಾಯ್ತು, ಬದಲಾಯಿಸೋ ಹಾಗಿಲ್ಲ" ಎಂದು ಅಂಗಡಿಯ ಕಡೆ ಹೊರಟ. ಮಗಳು ನನ್ನ ಹತ್ತಿರ ಬಂದು ಹಲ್ಲು ಕಚ್ಚಿ, "ಎಲ್ಲರೆದುರಿಗೆ ನನ್ನ ಮಾನ ಕಳೆದೆ" ಎಂದಳು. "ನನ್ನ ಬಾಯಲ್ಲಿ ಮಾತಾಡೋಕೆ ಹೋಗಿದ್ದು ನೀನು" ಎಂದೆ. ಅವಳು ನಮ್ಮನ್ನು ಬಿಟ್ಟು ಆಟೋ ಹತ್ತಿ ಹೋದಳು. ಸಂಕಟವಾಯಿತು. ಆದರೂ ಕರೆಯಲಿಲ್ಲ.

ಬಾವುಟ ತಂದುಕೊಟ್ಟ ಆಟದ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಯಜಮಾನರ ಜೊತೆ ಬಸ್ ಸ್ಟಾಪಿಗೆ ನಡೆದೆ. ಗೇಟಿನ ಎದುರಿನ ಟೀ ಅಂಗಡಿಯ ಹತ್ತಿರ ಅವರು ನಿಂತುಬಿಟ್ಟರು.

"ದಿನಾ ಸಂಜೆ ನಾನು ಇಲ್ಲೇ ನಿಂತ್ಕೋತಿದ್ದೆ" ಎಂದರು. "ಅಂಗಡಿ ಬೇಗ ಮುಚ್ಚಿ ಬಂದು. ನಿನ್ನ ಕ್ಯಾಬಿನ್ನು ಇಲ್ಲಿಂದ ಚೆನ್ನಾಗಿ ಕಾಣುತ್ತೆ."

ನನಗದು ಗೊತ್ತಿರಲಿಲ್ಲ. ಬಸ್ ಸ್ಟಾಪಿನಲ್ಲಿ ಸಿಗುತ್ತಿದ್ದರು, ಈಗಷ್ಟೇ ಬಂದೆ ಎನ್ನುತ್ತಿದ್ದರು.

"ಮದುವೆ ಆದಾಗಿನಿಂದ ನಾನು ನಿನ್ನನ್ನ ತಲೆ ಎತ್ತೇ ನೋಡಿದ್ದು. ಕತ್ತು ನೋಯುತ್ತೆ ಕಣೇ. ಇನ್ನಾದ್ರೂ ಎದುರಿಗೆ ಕೂತ್ಕೋತೀಯ ಅಂದ್ಕೊಂಡೆ. ಅದಕ್ಕೇ ಕುರ್ಚಿ ಅಂದಿದ್ದು."

ಇಡೀ ಯಾರ್ಡು ನಕ್ಕಾಗ ಅಲ್ಲಾಡದವಳಿಗೆ ಕಣ್ಣು ತುಂಬಿತು. ಆಟವನ್ನು ವಾಪಸ್ ಕೊಟ್ಟುಬಿಡಲೇ ಎಂದು ಒಂದು ಕ್ಷಣ ಯೋಚಿಸಿದೆ. ಒಂದೇ ಕ್ಷಣ.

"ರೀ, ನಿಜ ಹೇಳ್ಲಾ? ಮೇಲೆ ಒಬ್ಬಳೇ ಇರ್ತಿದ್ನಲ್ಲ, ಅದು ನನಗೆ ಇಷ್ಟ ಇತ್ತು. ನಿಮ್ಮ ಮೇಲೆ ಬೇಜಾರಾಗಿ ಅಲ್ಲ. ಒಬ್ಬಳೇ ಇರೋದು ಇಷ್ಟ. ಅದು ನನಗೆ ಇನ್ನೂ ಬೇಕು. ತಪ್ಪಾ?"

ಅವರು ಕ್ರೇನಿನ ಕಡೆ ತಲೆ ಎತ್ತಿ, ಆಮೇಲೆ ನನ್ನ ಕಡೆ ತಿರುಗಿದರು.

"ತಪ್ಪಲ್ಲ" ಎಂದರು. "ನನಗೆ ಕಷ್ಟ, ಅಷ್ಟೇ. ಊಟದ ಹೊತ್ತಿಗಾದ್ರೂ ಇಳಿದು ಬಾ."

"ಬರ್ತೀನಿ. ಆದ್ರೆ ಕರೆದ ತಕ್ಷಣ ಅಲ್ಲ. ಎಲ್ಲೋ ದೂರ ಇರ್ತೀನಿ, ನಿಲ್ದಾಣದಲ್ಲಿ ಹಡಗು ಕಟ್ಟಿ ಬರಬೇಕು."

"ಊಟ ಆರಿ ಹೋಗುತ್ತೆ."

"ಆರಿದ್ದೇ ತಿಂತೀನಿ."

"ನಂದೂ ಆರುತ್ತೆ."

"ಕಾಯಿರಿ ಅಂತ ಯಾರು ಹೇಳಿದ್ರು ನಿಮಗೆ?" ಎಂದು ರೇಗಿದೆ.

"ಯಾರೂ ಹೇಳಲಿಲ್ಲ" ಎಂದರು ಅವರು. "ಯಾವತ್ತೂ ಯಾರೂ ಹೇಳಲಿಲ್ಲ."

ಬಸ್ಸು ಬಂತು. ಡಬ್ಬಿ ಕೊಡು, ಹತ್ತಿಸ್ತೀನಿ ಎಂದು ಅವರು ಕೈ ಚಾಚಿದರು. ಡಬ್ಬಿಯನ್ನು ಕೊಡಲಿಲ್ಲ. ಇನ್ನೊಂದು ಕೈ ಕೊಟ್ಟೆ.