ಮೇಕೆ ಕಾದ ಬಾಗಿಲು

ಸರ್ವೇಯರ್ ಬಂದು ನೋಡುವವರೆಗೆ ಗಾಡಿಯನ್ನು ಯಾರೂ ಮುಟ್ಟಬಾರದು ಎಂದು ವಿಮಾ ಕಂಪನಿಯವರು ಫೋನಿನಲ್ಲಿ ಹೇಳಿದ್ದರು. ಇಕ್ರಾ ಅದರಲ್ಲಿ ಅರ್ಧವನ್ನಷ್ಟೇ ಪಕ್ಕದ ಗ್ಯಾರೇಜ್ ಶೆಡ್ಡಿನ ಇನಾಯತ್ ಉಲ್ಲಾರಿಗೆ ದಾಟಿಸಿದಳು.

"ನಾಳೆ ಆಫೀಸರ್ ಬರ್ತಾರೆ ಚಾಚಾ, ಗಾಡಿ ನೋಡೋಕೆ."

ಇಷ್ಟು ಹೇಳಿ ಕೆ.ಆರ್. ಪುರದ ಅಕ್ಕನ ಮನೆಗೆ ಹೋದಳು.

ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸೊಂದು ಅವಳ ಹಳೇ ವ್ಯಾನಿನ ಪಕ್ಕಕ್ಕೆ ಗುದ್ದಿತ್ತು. ಬಾಗಿಲು ಒಳಗೆ ಹೋಗಿ, ಹಿಂದಿನ ಆಕ್ಸೆಲ್ ಬಾಗಿತ್ತು. ಕುಕ್ ಟೌನ್, ಕಲ್ಯಾಣ ನಗರದ ಆಫೀಸುಗಳಿಗೆ ಬಿರಿಯಾನಿ ಹೋಗುತ್ತಿದ್ದದ್ದು ಅದರಲ್ಲೇ. ಮೊದಲು ಓಡಿಸುತ್ತಿದ್ದವನು ಗಂಡ ಹಾಶಿಮ್. ಅವನು ತೀರಿಹೋದ ಮೇಲೆ ಇವಳು. ಕ್ಲೇಮ್ ಸಿಗದಿದ್ದರೆ ಗುಜರಿಗೆ ಹಾಕಿಬಿಡು ಎಂದು ಅಣ್ಣ ವಕಾರ್ ಹೇಳಿದ್ದ. ಇಕ್ರಾ ಕ್ಲೇಮ್ ಅರ್ಜಿ ತುಂಬಿ ಕಳಿಸಿದ್ದಳು.

ಮರುದಿನ ಬೆಳಿಗ್ಗೆ ಅವಳು ಶಿವಾಜಿನಗರದ ಗಲ್ಲಿಗೆ ಕಾಲಿಟ್ಟಾಗ ವ್ಯಾನು ಮದುವಣಗಿತ್ತಿಯ ಹಾಗೆ ಮಿಂಚುತ್ತಿತ್ತು. ಹೊಸ ಬಾಗಿಲು, ಹೊಸ ಬಣ್ಣ. ಕನ್ನಡಿಗೊಂದು ಮಲ್ಲಿಗೆ ಹಾರ.

"ಚಾಚಾ! ಏನ್ ಮಾಡಿಬಿಟ್ರಿ?"

"ಮೆಹಮಾನ್ ಬರ್ತಾರಲ್ಲ ಬೇಟಿ! ಮುರಿದ ಗಾಡಿ ತೋರ್ಸಿದ್ರೆ ಗಲ್ಲಿ ಮರ್ಯಾದೆ ಏನಾಗ್ಬೇಕು? ಆಕ್ಸೆಲ್ ಒಂದು ನಮ್ ಕೈಲಾಗ್ಲಿಲ್ಲ, ಅಷ್ಟೇ."

ಅಷ್ಟರಲ್ಲಿ ಸರ್ವೇಯರ್ ಬಂದೇಬಿಟ್ಟರು. ಹೆಸರು ಭಗವಂತರಾಯ, ಊರು ಕಲಬುರಗಿ. ವ್ಯಾನಿಗೆ ಒಂದು ಸುತ್ತು ಹಾಕಿ ಸೊಂಟದ ಮೇಲೆ ಕೈಯಿಟ್ಟರು.

"ಏಟು ಎಲ್ಲದ ರೀ? ನನಗ ಶೋರೂಮ್ ಗಾಡಿ ತೋರ್ಸ್ಲಾಕತ್ತೀರಿ."

"ಆಕ್ಸೆಲ್ ಬಾಗಿದೆ ಸರ್. ಬಾಗಿಲು ಇವರು ರಿಪೇರಿ ಮಾಡಿಬಿಟ್ರು. ಇಲ್ಲಿ ನೋಡಿ, ಬಸ್ಸು ಗುದ್ದಿದ ಜಾಗದಲ್ಲೇ ತೆಗೆದ ಫೋಟೋ."

"ಫೋಟೋ ಒಂದೇ ಸಾಕಾಗಂಗಿಲ್ಲವಾ. ಹಳೇ ಬಾಗಿಲೇ ಇಲ್ಲ ಅಂದ್ರ ಆಕ್ಸೆಲ್ ಅವತ್ತೇ ಬಾಗ್ಯದಂತ ಹೆಂಗ ಬರೀಲಿ?"

"ಬೇಕಾದ್ರೆ ಇನ್ನೊಂದ್ಸಲ ಬಡೀತೀವಿ ಸಾರ್," ಎಂದು ಇನಾಯತ್ ಉಲ್ಲಾ ಸುತ್ತಿಗೆ ಎತ್ತಿದರು. "ಹೇಗಿತ್ತೋ ಹಾಗೇ!"

"ಅಯ್ಯ ಯಪ್ಪಾ, ಕೆಳಗಿಡ್ರಿ ಅದನ್ನ!"

"ಹಳೇ ಬಾಗಿಲು ಎಲ್ಲಿ ಚಾಚಾ?" ಎಂದಳು ಇಕ್ರಾ. "ಗುಜರಿಗೆ ಹಾಕಿದ್ರಾ?"

ಚಾಚಾ ತಲೆ ಕೆರೆದುಕೊಂಡರು. "ಇಲ್ಲ... ಶಹಜಾದಿ ಹತ್ರ ಇದೆ."

ಶಹಜಾದಿ ಎಂದರೆ ಅವರ ಮೇಕೆ. ಶೆಡ್ಡಿನ ಹಿಂದೆ, ನಜ್ಜುಗುಜ್ಜಾದ ಬಾಗಿಲು ಅದರ ಗೂಡಿಗೆ ಗೋಡೆಯಾಗಿತ್ತು. ಬಣ್ಣದಲ್ಲಿ ಬರೆದ 'ಹಾಶಿಮ್ ಬಿರಿಯಾನಿ' ಹಾಗೇ ಇತ್ತು, ಫೋಟೋದಲ್ಲಿದ್ದಂತೆಯೇ ನಡುವೆ ಸೊಟ್ಟಗೆ ಮಡಚಿಕೊಂಡು. ಇಕ್ರಾ ಆ ಅಕ್ಷರಗಳನ್ನು ಸ್ವಲ್ಪ ಹೊತ್ತು ನೋಡಿದಳು.

ಭಗವಂತರಾಯರು ಬಾಗಿಲಿಗೆ ಕೈಹಾಕಿದರೆ ಅದಕ್ಕೆ ಒರಗಿ ಕೂತಿದ್ದ ಮೇಕೆ ಕೊಂಬು ತಗ್ಗಿಸಿತು. ಎಳೆದರೂ ಏಳಲಿಲ್ಲ, ಪುಸಲಾಯಿಸಿದರೂ ಏಳಲಿಲ್ಲ. ಕೊನೆಗೆ ಅವರು ಅದನ್ನೂ ಸೇರಿಸಿಯೇ ಫೋಟೋ ತೆಗೆದು, ವ್ಯಾನಿನಡಿ ತೂರಿ ಆಕ್ಸೆಲ್ ನೋಡಿ, ಅಂಗಿ ಕೊಡವಿಕೊಂಡು ಎದ್ದರು.

"ಫೋಟೋಕ್ಕೂ ಬಾಗಿಲಿಗೂ ಏಟು ತಾಳೆ ಆಗ್ತದ. ನಾ ಬರೀತೀನಿ. ಆದ್ರ ಚಾಚಾ, ಇನ್ನೊಮ್ಮೆ ಆಫೀಸರ್ ಬಂದ್ರ ಬರೇ ಚಾ ಕೊಡ್ರಿ."

ಮುಂದಿನ ವಾರ ಕಂಪನಿಯಿಂದ ಫೋನ್ ಬಂತು. ಕ್ಲೇಮ್ ಪಾಸಾಗಿತ್ತು.

"ಮೇಡಂ, ಒಂದು ಡೌಟು," ಎಂದಳು ಆ ಕಡೆಯ ಹುಡುಗಿ. "ಫೋಟೋದಲ್ಲಿ ಗಾಯಾಳು ಬಾಗಿಲಿನ ಪಕ್ಕ ಕೂತಿರೋರು ಯಾರು?"

"ವಾಚ್‌ಮನ್," ಎಂದಳು ಇಕ್ರಾ.

ಹೇಳಿದ ಮೇಲೆ ಅವಳಿಗೇ ನಗು ಬಂತು. ಗೋಡೆಯಾಚೆ ಶಹಜಾದಿ ಮೇ ಎಂದಿತು.