ಹಳದಿಯವರಿಗೆ ಎಷ್ಟು ಅಂಕ

ಫುಟ್‌ಬಾಲ್ ಕ್ಲಬ್ಬಿನ ಸರ್ವೆ ಬಂದಿದೆ, ಮೈದಾನದ ಸುತ್ತಲಿನ ಬೀದಿಗಳೆಲ್ಲ ನಿಮಗೆ ಎಂದು ಮೇಲ್ವಿಚಾರಕ ಹೇಳಿದಾಗ ಅವಳು ನಮೂನೆಗಳ ಕಟ್ಟು ತೆಗೆದುಕೊಂಡಳು. ಒಲ್ಲೆ ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಹಳದಿಯವರು ಎಂದು ಜನ ಕರೆಯುತ್ತಿದ್ದ ಆ ಕ್ಲಬ್ಬಿನ ಮೈದಾನದ ಉತ್ತರ ಗೇಟು ಕಾಯುತ್ತಿದ್ದವನು ಅವಳ ಒಡಹುಟ್ಟಿದ ಅಣ್ಣ ಎಂಬುದು ಸರ್ವೆ ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಲ್ಲಿಯವರೆಗೆ ಅವಳು ಸೋಪು, ಟೀಪುಡಿ, ಹಲ್ಲುಜ್ಜುವ ಪೇಸ್ಟುಗಳ ಮೇಲೆ ಜನರಿಗಿರುವ ಮಮತೆಯನ್ನು ಅಳೆದವಳು. ಬಾಗಿಲು ತಟ್ಟುವುದು, ನಗುವುದು, ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳುವುದು, ಬರೆದುಕೊಂಡು ಮುಂದಿನ ಮನೆಗೆ ಹೋಗುವುದು. ಈಗ ಕೇಳಬೇಕಾದದ್ದೂ ಅದೇ ಬಗೆಯದು. ಹಳದಿಯವರೆಂದರೆ ನಿಮಗೆಷ್ಟು ಪ್ರೀತಿ? ನಿಮ್ಮ ಮಕ್ಕಳೂ ಅವರ ಅಭಿಮಾನಿಗಳಾಗಲಿ ಎನ್ನುತ್ತೀರಾ? ಕಳೆದ ವರ್ಷದ ಘಟನೆಯ ನಂತರ ಆ ಪ್ರೀತಿ ಕಡಿಮೆಯಾಗಿದೆಯೇ? ಪ್ರೀತಿ ಕಡಿಮೆಯಾಗಿದ್ದರೆ ಪ್ರಾಯೋಜಕರು ಕೈಬಿಡುವವರಿದ್ದರು. ಅದಕ್ಕೇ ಕ್ಲಬ್ಬಿನವರಿಗೆ ಈ ಲೆಕ್ಕ ಬೇಕಾಗಿತ್ತು.

ಪ್ರಶ್ನೆಯಲ್ಲಿ ಬರೀ 'ಘಟನೆ' ಎಂದಿತ್ತು. ಅಂದು ಎದುರಾಳಿ ನೀಲಿಯವರ ವಿರುದ್ಧ ಪಂದ್ಯ. ಟಿಕೆಟ್ಟಿಲ್ಲದವರು ಒಳಗೆ ನುಗ್ಗುತ್ತಾರೆಂದು ಕ್ಲಬ್ಬಿನ ಕಚೇರಿಯವರು ಉತ್ತರ ಗೇಟಿಗೆ ಬೀಗ ಜಡಿಸಿ, ಬೀಗದ ಕೈಯನ್ನು ತಮ್ಮ ಬಳಿಯೇ ಇರಿಸಿಕೊಂಡಿದ್ದರು. ಪಂದ್ಯ ಮುಗಿದು ಜನ ಮೆಟ್ಟಿಲಿಳಿದು ಬಂದಾಗ ಗೇಟು ಮುಚ್ಚಿತ್ತು. ಹಿಂದಿನವರಿಗೆ ಅದು ಕಾಣದೆ ತಳ್ಳುತ್ತಲೇ ಬಂದರು. ಅಣ್ಣ ಬೀಗದ ಕೈಗಾಗಿ ಕಚೇರಿಗೆ ಓಡಿದ. ಅದನ್ನು ಹಿಡಿದು ವಾಪಸು ಬರುವಷ್ಟರಲ್ಲಿ ಒಂಬತ್ತು ಜನ ಕಂಬಿಗಳಿಗೆ ಒತ್ತಿಕೊಂಡು ಸತ್ತಿದ್ದರು. ಬೀಗದ ಕೈ ಅವನ ಹತ್ತಿರವೇ ಇತ್ತು, ಅವನು ಜಾಗ ಬಿಟ್ಟು ಓಡಿಹೋದ ಎಂದು ಕ್ಲಬ್ಬಿನವರು ಹೇಳಿಕೆ ಕೊಟ್ಟು ಕೈ ತೊಳೆದುಕೊಂಡರು. ಓಡಿದ್ದನ್ನು ಸಾವಿರ ಜನ ನೋಡಿದ್ದರು. ಯಾಕೆ ಓಡಿದ ಎಂದು ಕೇಳುವವರಿರಲಿಲ್ಲ.

ಅಂದಿನಿಂದ ಅವನು ತಂಗಿಯ ಮನೆಯ ಹಿಂದಿನ ಕೋಣೆ ಸೇರಿಕೊಂಡಿದ್ದ. ಅತ್ತಿಗೆ ಮಗುವನ್ನು ಕರೆದುಕೊಂಡು ತವರಿಗೆ ಹೋದವಳು ಮರಳಲಿಲ್ಲ. ವಿಚಾರಣೆ ನಡೆಯುತ್ತಲೇ ಇತ್ತು. ತಾನು ಮಾಡುತ್ತಿರುವ ಕೆಲಸವನ್ನು ಅವಳು ಅಣ್ಣನಿಂದ ಮುಚ್ಚಿಡಲಿಲ್ಲ. ಅವನು ಸಿಟ್ಟಾದಾನೆಂದು ಹೆದರಿದ್ದಳು. ಅವನೋ ದಿನಾ ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಬಾಗಿಲಿಗೆ ಬಂದು, ಜನ ಏನಂತಾರೆ, ನಮ್ಮವರ ಕೈ ಬಿಟ್ಟಿಲ್ಲ ತಾನೇ ಎಂದು ಕೇಳುತ್ತಿದ್ದ. 'ನಮ್ಮವರು' ಎಂಬ ಮಾತು ಅವನ ಬಾಯಿಂದ ಹೋಗಿರಲಿಲ್ಲ.

ಬೀದಿಗಳಲ್ಲಿ ಅವಳಿಗೆ ನಗುವಂಥದ್ದೂ ಸಿಕ್ಕಿತು. ಕ್ಷೌರದಂಗಡಿಯವನು ಹಳದಿಯವರಿಗೆ ಹತ್ತಕ್ಕೆ ಹನ್ನೆರಡು ಎಂದ. ಅಷ್ಟು ಬರೆಯಲಾಗದು ಎಂದರೆ, ಹಾಗಾದರೆ ಉಳಿದ ಎರಡನ್ನು ನೀಲಿಯವರ ಅಂಕದಲ್ಲಿ ಕಳೆದುಬಿಡಿ ಎಂದ. ಒಬ್ಬ ಮುದುಕ ಏಳು ಕೊಟ್ಟ. ಒಳಗಿನಿಂದ ಅವನ ಹೆಂಡತಿ, ನನಗೆ ಮೂರು ದಾಟಿಸಿಲ್ಲ ಈ ಮಹಾನುಭಾವರು ಎಂದಳು. ಕೆಲವರು ಮುಖಕ್ಕೆ ಹೊಡೆದಂತೆ ಬಾಗಿಲು ಹಾಕಿಕೊಂಡರು. ಆದರೆ ಪ್ರೀತಿ ಕಡಿಮೆಯಾಗಿದೆ ಎಂದವರು ವಿರಳ. ಘಟನೆಯ ಮಾತು ಬಂದಾಗಲೆಲ್ಲ ಜನ ಗೇಟಿನವನಿಗೆ ಹಿಡಿಶಾಪ ಹಾಕುತ್ತಿದ್ದರು. ಅವಳು ಹಲ್ಲು ಕಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದಳು.

ಮೈದಾನದ ಗೋಡೆಗೆ ತಾಗಿದ ಕೊನೆಯ ಬೀದಿಯಲ್ಲಿ ಬಟ್ಟೆ ಹೊಲಿಯುವವಳೊಬ್ಬಳ ಮನೆಯಿತ್ತು. ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ನೆಲದ ಮೇಲೆ ಕತ್ತರಿಸಿದ ಅಂಗಿಯ ತೋಳುಗಳು. ಹೊಲಿಗೆಯವಳು ಯಂತ್ರ ತುಳಿಯುತ್ತಲೇ ಪ್ರಶ್ನೆ ಕೇಳಿಸಿಕೊಂಡಳು.

"ಹತ್ತು ಅಂತ ಬರ್ಕೊಳ್ಳಿ," ಎಂದಳು. ಆಮೇಲೆ ತಲೆಯೆತ್ತದೆ, "ನನ್ನ ಮಗಳು ಸತ್ತಿದ್ದು ಅಲ್ಲೇ, ಆ ಗೇಟಿನ ಹತ್ರ," ಎಂದಳು.

ಸರ್ವೆಯವಳ ಪೆನ್ನು ನಿಂತಿತು. ಹತ್ತೇ ಬರೆಯಲೇ ಎಂದು ಮತ್ತೊಮ್ಮೆ ಕೇಳಿದಳು.

"ಒಂದು ಕಮ್ಮಿ ಮಾಡಿದ್ರೂ, ಕೆಲಸಕ್ಕೆ ಬಾರದ್ದಕ್ಕೆ ಹೋಗಿ ಸತ್ಲು ಅಂತ ಆಗುತ್ತೆ. ಅದು ನನ್ನ ಕೈಲಾಗಲ್ಲ." ಹೊಲಿಗೆಯವಳು ದಾರ ಕಡಿದಳು. "ಆ ಗೇಟಿನವನಿಗೆ ಎಷ್ಟು ಅಂತ ಕೇಳಿದ್ರೆ ಚೆನ್ನಾಗಿರ್ತಿತ್ತು. ಬೀಗದ ಕೈ ಜೇಬಲ್ಲಿಟ್ಕೊಂಡು ಓಡಿಹೋದ."

ಸರ್ವೆಯವಳು ಪೆನ್ನು ಕೆಳಗಿಟ್ಟಳು. "ಅವನ ಜೇಬಲ್ಲಿ ಏನೂ ಇರ್ಲಿಲ್ಲ. ತರೋಕೆ ಅಂತಾನೇ ಓಡಿದ್ದು," ಎಂದಳು. "ಅವನು ನಮ್ಮಣ್ಣ."

ಯಂತ್ರ ನಿಂತಿತು. ಎದ್ದು ಕತ್ತು ಹಿಡಿದು ಹೊರಗೆ ದಬ್ಬುತ್ತಾಳೆ ಎಂದುಕೊಂಡಳು ಸರ್ವೆಯವಳು. ಹೊಲಿಗೆಯವಳು ಯಂತ್ರದ ಚಕ್ರದ ಮೇಲೆ ಕೈಯಿಟ್ಟಳು.

"ಗೊತ್ತು," ಎಂದಳು. "ನೀವು ಅವನ ತಂಗಿ ಅಂತಲ್ಲ, ಅವನು ಬರಿಗೈಲಿ ಹೋದದ್ದು ಗೊತ್ತು. ಮಗಳ ಗೆಳತಿ ಕಂಬಿಗೆ ಆತ್ಕೊಂಡೇ ನಿಂತಿದ್ಲು. ಹೋಗೋದನ್ನೂ ನೋಡಿದ್ಲು, ಬೀಗದ ಕೈ ಹಿಡ್ಕೊಂಡು ಅಳ್ತಾ ವಾಪಸ್ ಬಂದದ್ದನ್ನೂ ನೋಡಿದ್ಲು. ನನಗೊಬ್ಬಳಿಗೇ ಹೇಳಿದ್ದಾಳೆ."

"ಹಾಗಾದ್ರೆ ವಿಚಾರಣೇಲಿ ಅದನ್ನ ಹೇಳಿಸಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಹೇಳಿಸಿದ್ಮೇಲೆ ಕೋಪ ಮಾಡ್ಕೊಳ್ಳೋಕೆ ಯಾರಮ್ಮ ಉಳೀತಾರೆ ನನಗೆ? ಹಳದಿಯವರು. ನನ್ನ ಮಗಳ ಕೋಣೆ ತುಂಬ ಅವರೇ ಇದಾರೆ. ಗೋಡೆ ಮೇಲೆ, ಹಾಸಿಗೆ ಮೇಲೆ, ಅವಳು ಹಾಕ್ತಿದ್ದ ಅಂಗಿ ಮೇಲೆ. ಅದನ್ನೆಲ್ಲ ಕಿತ್ತುಹಾಕಿದ್ರೆ ಆ ಕೋಣೇಲಿ ಅವಳದ್ದು ಅಂತ ಏನಿರುತ್ತೆ?" ಅವಳ ದನಿ ಏರಲಿಲ್ಲ. "ನಿಮ್ಮಣ್ಣ ನನಗೆ ಯಾರೂ ಅಲ್ಲ. ಅವನ ಮೇಲಾದ್ರೆ ಕೋಪ ಇಟ್ಕೊಂಡು ಬದುಕಬಹುದು."

ಮತ್ತೆ ಯಂತ್ರ ಸದ್ದು ಮಾಡತೊಡಗಿತು. ಸರ್ವೆಯವಳು ಹತ್ತು ಎಂದೇ ಬರೆದುಕೊಂಡು ಎದ್ದಳು. ಅವಳನ್ನು ಬಯ್ಯಬೇಕೆಂದುಕೊಂಡಳು. ಬಯ್ಯದೆ ಚೀಲ ಹೆಗಲಿಗೇರಿಸಿ ಹೊರಬಿದ್ದಳು. ಗೆಳತಿಯ ಹೆಸರನ್ನು ಕೇಳಬೇಕಿತ್ತು ಎಂದು ಬೀದಿಯ ತುದಿಗೆ ಬಂದಾಗ ಹೊಳೆದು ತಿರುಗಿ ಹೋದಳು. ಅಷ್ಟರಲ್ಲಿ ಬಾಗಿಲಿಗೆ ಒಳಗಿನಿಂದ ಅಗುಳಿ ಬಿದ್ದಿತ್ತು. ಮರುದಿನವೂ ಹೋದಳು, ಅದರ ಮರುದಿನವೂ. ತೆರೆಯಲಿಲ್ಲ.

ಕಡೆಗೆ ಮೇಲ್ವಿಚಾರಕನೆದುರು ಕೂತು ಎಲ್ಲವನ್ನೂ ಹೇಳಿಕೊಂಡಳು: ತಾನು ಯಾರು, ಆ ಮನೆಯಲ್ಲಿ ಕೇಳಿದ್ದೇನು, ಇದನ್ನು ವರದಿಯಲ್ಲಿ ಸೇರಿಸಲು ಸಾಧ್ಯವೇ. ಅವನು ಕೆಟ್ಟವನಲ್ಲ. ನೀರು ತರಿಸಿ ಕೊಟ್ಟ. ಆಮೇಲೆ, "ನಮ್ಮನ್ನ ಕೇಳಿರೋದು ಪ್ರೀತಿ ಎಷ್ಟು ಅಂತ ಮಾತ್ರ. ತಪ್ಪು ಯಾರದು ಅಂತ ಯಾರೂ ಕೇಳಿಲ್ಲ. ಅಂಕಿ ಕೊಡಿ, ಕಥೆ ಬೇಡ," ಎಂದ. ಇಂಥ ಸಂಬಂಧ ಇಟ್ಟುಕೊಂಡು ಈ ಕೆಲಸ ಒಪ್ಪಬಾರದಿತ್ತು ಎಂದೂ ಸೇರಿಸಿ, ಅವಳನ್ನು ಬ್ಲೇಡುಗಳ ಸರ್ವೆಗೆ ಹಾಕಿದ.

ವರದಿಯ ಪ್ರಕಾರ ಹಳದಿಯವರ ಜನಪ್ರಿಯತೆ ಕಡಿಮೆಯಾಗಿರಲಿಲ್ಲ. ಮೊದಲಿಗಿಂತ ಹೆಚ್ಚಾಗಿತ್ತು, ಅದೂ ಸಾವು ಕಂಡ ಬೀದಿಗಳಲ್ಲೇ ಎಲ್ಲಕ್ಕಿಂತ ಹೆಚ್ಚು. ಕ್ಲಬ್ಬಿನ ಅಧ್ಯಕ್ಷ ಅದನ್ನು ಟೀವಿ ಕ್ಯಾಮೆರಾದ ಮುಂದೆ ಓದುವಾಗ ಕಣ್ಣೊರೆಸಿಕೊಂಡ. ವಿಚಾರಣೆಯಲ್ಲಿ ಅವರ ವಕೀಲ, ಮಕ್ಕಳನ್ನು ಕಳೆದುಕೊಂಡವರೇ ಕ್ಲಬ್ಬನ್ನು ದೂರುತ್ತಿಲ್ಲ ಎಂದ. ಹಿಂದಿನ ಕೋಣೆಯಲ್ಲಿ ಟೀವಿ ನೋಡುತ್ತಿದ್ದ ಅಣ್ಣ, ನೀಲಿಯವರಿಗೆ ಎಷ್ಟು ಬಂದಿದೆ ಎಂದು ತಂಗಿಯನ್ನು ಕೇಳಿದ. ನಮಗಿಂತ ಬಹಳ ಕಡಿಮೆ ಎಂದಾಗ ಅವನ ಮುಖ ಅರಳಿತು. ಅವಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಸದ್ದಿನ ಮರೆಯಲ್ಲಿ ಅತ್ತಳು.

ತೀರ್ಪಿನ ದಿನ ಹೊಲಿಗೆಯವಳು ನ್ಯಾಯಾಲಯದ ಹೊರಗೆ ಸತ್ತ ಇತರರ ಮನೆಯವರ ಜೊತೆ ನಿಂತಿದ್ದಳು. ಎಲ್ಲರೂ ಹಳದಿ ಬಟ್ಟೆ ಕಟ್ಟಿಕೊಂಡಿದ್ದರು. ಶಿಕ್ಷೆಯಾಗಿದ್ದು ಅಣ್ಣನೊಬ್ಬನಿಗೆ. ಅವನನ್ನು ವ್ಯಾನಿಗೆ ಹತ್ತಿಸುವಾಗ ಜನ ಕೂಗಿದರು, ಉಗಿದರು. ಹೊಲಿಗೆಯವಳು ಕೂಗಲೂ ಇಲ್ಲ, ಉಗಿಯಲೂ ಇಲ್ಲ. ಸರ್ವೆಯವಳ ಕಣ್ಣಿಗೆ ಕಣ್ಣು ಕೂಡಿದಾಗ ಸೆರಗಿನ ಅಂಚನ್ನು ನೋಡಿಕೊಳ್ಳುತ್ತ ಗುಂಪಿನ ಹಿಂದಕ್ಕೆ ಸರಿದಳು.

ಮೊದಲ ಭೇಟಿಗೆ ಜೈಲಿಗೆ ಹೋದಾಗ ಅಣ್ಣನ ತುಟಿ ಊದಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು. ಹೊಡೆದವರು ಯಾರು ಎಂದು ಅವಳು ಕೇಳಿದಳು.

"ನಮ್ಮವರೇ. ಇಲ್ಲೂ ಹಳದಿಯವರೇ ಜಾಸ್ತಿ," ಎಂದ. ಆ ಮಾತಿನಲ್ಲಿ ದೂರಿರಲಿಲ್ಲ. ಸ್ವಲ್ಪ ಹೆಮ್ಮೆಯೇ ಇದ್ದಂತಿತ್ತು. ಆಮೇಲೆ ಜಾಲರಿಗೆ ಮುಖ ತಂದು ಕೇಳಿದ, "ಭಾನುವಾರ ಗೆದ್ರಾ?"

ಗೆದ್ದರು ಎಂದಳು. ಯಾರು ಗೋಲು ಹೊಡೆದದ್ದು, ಮೈದಾನ ತುಂಬಿತ್ತಾ, ಉತ್ತರದ ಕಡೆ ಜನ ಕೂತಿದ್ದರಾ ಎಂದು ಅವನು ಒಂದರ ಮೇಲೊಂದು ಕೇಳತೊಡಗಿದ. ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು, ನಡುವೆ ಜಾಲರಿಯಿತ್ತು. ಗೊತ್ತಿಲ್ಲ ಕಣೋ, ನಾನು ನೋಡಲಿಲ್ಲ ಎಂದು ಭೇಟಿಯ ಸಮಯ ಇನ್ನೂ ಉಳಿದಿರುವಾಗಲೇ ಎದ್ದು ಬಂದಳು.

ಮುಂದಿನ ವಾರ ಮತ್ತೆ ಹೋದಳು. ಹೋಗುವ ಮುನ್ನ ಪಂದ್ಯವನ್ನು ಕೊನೆಯವರೆಗೆ ನೋಡಿದ್ದಳು.