ಎರಡು ಬೀಗದ ಪೆಟ್ಟಿಗೆ

ಹೆಣ್ಣು ನೋಡಲು ಮಾನ್ವಿಯಿಂದ ದೇವದುರ್ಗಕ್ಕೆ ಬಂದ ಚನ್ನವೀರ, ಹುಡುಗಿಗೆ ಅಡುಗೆ ಬರುತ್ತದೆಯೇ, ಹಾಡು ಬರುತ್ತದೆಯೇ ಎಂದೇನೂ ಕೇಳಲಿಲ್ಲ. ಒಂದು ತುತ್ತು ಉಪ್ಪಿಟ್ಟು ನುಂಗಿ, "ನಮ್ಮ ರೈಸ್ ಮಿಲ್ಲಿನ ಕ್ಯಾಮೆರಾದ ಪಾಸ್‌ವರ್ಡ್ ಒಂದು ಎರಡು ಮೂರು ನಾಲ್ಕು ಅದರಿ. ನಡೀತದೇನು?" ಎಂದ. ರಾಯಚೂರಿನ ಕಾಲೇಜೊಂದರಲ್ಲಿ ನೆಟ್‌ವರ್ಕ್ ಭದ್ರತೆಯ ಪಾಠ ಮಾಡುವ ಸ್ವಪ್ನಾ, ತಲೆ ತಗ್ಗಿಸಿ ಕೂತಿರಬೇಕಾದವಳು, ಕಿಸಕ್ಕನೆ ನಕ್ಕುಬಿಟ್ಟಳು. ಆವತ್ತಿನಿಂದ ಬಸ್ಸಿನಲ್ಲಿ ನಿಂತು ಹೋದರೂ ಅವಳ ಕಾಲು ನೋಯಲಿಲ್ಲ, ಬಿಸಿಲೂ ತಂಪೆನಿಸಿತು. ರಾಯಚೂರಿನ ಬಿಸಿಲು ತಂಪೆನಿಸಿತೆಂದರೆ ಹುಡುಗಿಯ ಸ್ಥಿತಿ ಎಲ್ಲಿಗೆ ಬಂದಿರಬೇಕು, ನೀವೇ ಹೇಳಿ.

ನಡುವೆ ನಿಂತವಳು ಗದ್ದೆಮ್ಮತ್ತೆ. ಸ್ವಪ್ನಾಳ ಸೋದರತ್ತೆ, ಮನೆ ರಾಯಚೂರಿನಲ್ಲಿ, ಗಂಡನ ಕಡೆಯವರೆಲ್ಲ ಮಾನ್ವಿಯಲ್ಲಿ. ಸಂಬಂಧ ತಂದವಳೂ ಅವಳೇ, ಎರಡೂ ಮನೆಯ ಮಾತು ಹೊರುವವಳೂ ಅವಳೇ, ಮಾತು ಗಟ್ಟಿಯಾಗುವವರೆಗೆ ಹುಡುಗ ಹುಡುಗಿ ಫೋನ್ ನಂಬರ್ ಕೊಟ್ಟುಕೊಳ್ಳಬಾರದೆಂದು ಕಾನೂನು ಮಾಡಿದವಳೂ ಅವಳೇ. "ಹುಡುಗ ಒಪ್ಯಾನವಾ. ಆದ್ರ ನೀ ನೌಕರಿ ಬಿಡಬೇಕಂತ" ಎಂದು ಆಕೆ ಬಂದು ಹೇಳಿದಾಗ ಸ್ವಪ್ನಾ ಅದೇ ಮಾತನ್ನು ಇನ್ನೆರಡು ಸಲ ಹೇಳಿಸಿ ಕೇಳಿದಳು. ಪಾಸ್‌ವರ್ಡ್ ಬಗ್ಗೆ ಕೇಳಿದ ಬಾಯಿಂದ ಇಂಥ ಮಾತು ಬಂದೀತೆ? ಪಾಠ ಬಿಡುವುದು ಅವಳಿಂದಾಗದು. ಅವನನ್ನು ಬಿಡುವುದು ಅದಕ್ಕಿಂತ ಆಗದು. ಮಿಲ್ಲಿನ ನಂಬರ್ ಹುಡುಕಿ ಫೋನ್ ಮಾಡಿದರೆ ಅವನಪ್ಪ ಎತ್ತಿ, "ಎಷ್ಟು ಚೀಲ ಬೇಕ್ರಿ?" ಎಂದರು. ಗಾಬರಿಯಲ್ಲಿ ಎರಡು ಚೀಲ ಸೋನಾ ಮಸೂರಿ ಹೇಳಿ ಇಟ್ಟುಬಿಟ್ಟಳು.

ಕೊನೆಗೆ ಪಾಠದ ಪುಸ್ತಕವೇ ದಾರಿ ತೋರಿಸಿತು. ಎರಡು ಕೊಂಡಿಯ ಸಣ್ಣ ತಗಡಿನ ಪೆಟ್ಟಿಗೆ ತಂದಳು. ಶೇಂಗಾ ಉಂಡಿಗಳ ನಡುವೆ ಒಂದು ಚೀಟಿ: 'ನೀವು ನನಗೆ ಇಷ್ಟ. ಆದರೆ ಪಾಠ ಬಿಡುವುದಿಲ್ಲ. ನಿಮ್ಮ ಮಾತೇನು?' ತನ್ನ ಬೀಗ ಜಡಿದು, ಮುಚ್ಚಳದ ಮೇಲೆ ಇನ್ನೊಂದು ಚೀಟಿ ಅಂಟಿಸಿದಳು: 'ನಿಮ್ಮದೊಂದು ಬೀಗ ಹಾಕಿ ವಾಪಸ್ ಕಳಿಸಿ.' ಹಾಗೆ ಬಂದ ಮೇಲೆ ಇವಳು ತನ್ನ ಬೀಗ ತೆಗೆದು ಮತ್ತೆ ಕಳಿಸುವುದು. ಅವನು ತನ್ನ ಬೀಗವನ್ನು ತನ್ನ ಕೀಲಿಯಿಂದಲೇ ತೆಗೆಯುವುದು. ಯಾರ ಕೀಲಿಯೂ ಮನೆ ಬಿಟ್ಟು ಹೊರಡುವ ಹಾಗಿಲ್ಲ.

ಮಾನ್ವಿಗೆ ಒಯ್ಯಲು ಕೊಟ್ಟ ಪೆಟ್ಟಿಗೆಯನ್ನು ಅತ್ತೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ಏನದವಾ ಒಳಗ?"

"ಶೇಂಗಾ ಉಂಡಿ, ಅತ್ತಿ."

"ಉಂಡಿಗೆ ಬೀಗ ಯಾಕ ಬೇ?"

"ದಾರ್ಯಾಗ ಯಾರರ ತಿಂದ್ರ?"

ಯಾರು ತಿನ್ನುತ್ತಾರೆಂಬುದು ಇಬ್ಬರಿಗೂ ಗೊತ್ತಿತ್ತು.

ಸೋಮವಾರ ಪೆಟ್ಟಿಗೆ ವಾಪಸ್ ಬಂತು, ಎರಡನೆಯ ಕೊಂಡಿಗೆ ದಪ್ಪನೆಯ ಹಿತ್ತಾಳೆ ಬೀಗ ಹಾಕಿಸಿಕೊಂಡು. ಅವನಿಗೆ ಅರ್ಥವಾಗಿದೆ! ಸ್ವಪ್ನಾ ಕೋಣೆಯ ಬಾಗಿಲು ಮುಚ್ಚಿ ಎರಡು ಸುತ್ತು ಕುಣಿದಳು. ಆ ಹಿತ್ತಾಳೆ ಬೀಗಕ್ಕೆ ಒಂದು ಮುತ್ತನ್ನೂ ಕೊಟ್ಟಳು, ಅದನ್ನು ಮುಚ್ಚಿಡುವುದೇಕೆ. ಬುಧವಾರ ಬೆಳಿಗ್ಗೆ ತನ್ನ ಬೀಗ ತೆಗೆದು, ಪೆಟ್ಟಿಗೆಯನ್ನು ಮತ್ತೆ ಅತ್ತೆಯ ಮನೆಗೆ ಮುಟ್ಟಿಸಿ ಕಾಲೇಜಿಗೆ ಹೋದಳು.

ಆವತ್ತಿನ ಪಾಠವೂ ಅದೇ. ಬೋರ್ಡಿನ ಮೇಲೆ ಪೆಟ್ಟಿಗೆ ಬರೆದು, ಎರಡು ಬೀಗ ತೂಗುಹಾಕಿ, ಉತ್ಸಾಹದಲ್ಲಿ ಅದಕ್ಕೊಂದು ಹೂವನ್ನೂ ಬರೆದಳು. ಮುಂದಿನ ಬೆಂಚಿನ ಜಬೀನ್ ಕೈ ಎತ್ತಿದಳು.

"ಮೇಡಂ, ಎರಡನೇ ಬೀಗ ಆ ಕಡಿಯವ್ರೇ ಹಾಕ್ಯಾರ ಅಂತ ಹ್ಯಾಂಗ ಗೊತ್ತಾಗ್ತದ್ರಿ? ನಡುವ ಇರೋರು ತಮ್ಮ ಬೀಗ ಹಾಕಿ ಕಳಿಸಿದ್ರ?"

ಸ್ವಪ್ನಾಳ ಕೈಯ ಸೀಮೆಸುಣ್ಣ ಅಲ್ಲೇ ನಿಂತಿತು. ಈ ಪಾಠ ಐದು ವರ್ಷದಿಂದ ಮಾಡುತ್ತಿದ್ದಾಳೆ. ಪೆಟ್ಟಿಗೆ ವಿಧಾನದ ದೊಡ್ಡ ತೂತೇ ಅದು, ಪ್ರತಿ ವರ್ಷ ಪರೀಕ್ಷೆಯಲ್ಲೂ ಕೇಳುತ್ತಾಳೆ. ಪ್ರೀತಿ ಮೆದುಳಿಗೆ ಏರಿದರೆ ಹೀಗೇ.

ಪಾಠ ಮುಗಿದದ್ದೇ ಸ್ವಪ್ನಾ ಅತ್ತೆಯ ಮನೆಗೆ ಓಡಿದಳು. ಅತ್ತೆ ಮಾನ್ವಿಗೆ ಹೋಗಿರಲಿಲ್ಲ. ಮಂಚದ ಮೇಲೆ ಪೆಟ್ಟಿಗೆ ತೆರೆದು ಕೂತು, ಕನ್ನಡಕ ಏರಿಸಿ, ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ಉಂಡಿ ಹಿಡಿದಿದ್ದಳು. ಪಕ್ಕದಲ್ಲಿ ಹಿತ್ತಾಳೆ ಬೀಗ. ಬಚ್ಚಲಮನೆಯ ಬಾಗಿಲಿನ ಬೀಗ ಅದು. ತಾನು ಮುತ್ತು ಕೊಟ್ಟದ್ದು ಯಾವುದಕ್ಕೆಂದು ಸ್ವಪ್ನಾಳಿಗೆ ಈಗ ತಿಳಿಯಿತು.

"ಬೀಗ ಹಾಕಂತ ನೀನೇ ಬರದಿದ್ದಿ, ಹಾಕೀನಿ" ಎಂದಳು ಅತ್ತೆ, ಒಂದಿಷ್ಟೂ ನಾಚದೆ. "ಉಂಡಿ ಚಲೋ ಆಗ್ಯಾವ. ಚೀಟಿ ಚಲೋ ಇಲ್ಲ. ಮಿಲ್ಲಿನ ಮನಿ ಸೊಸಿ ನೌಕರಿಗೆ ಹೋಗೂದು ಛಂದಲ್ಲ. ಇದು ಮಾನ್ವಿ ಮುಟ್ಟಿದ್ರ ಸಂಬಂಧ ಮುರೀತದ. ನೌಕರಿ ಬಿಡ್ತೀನಿ ಅಂತ ಬ್ಯಾರೆ ಬರಕೊಡು."

ಸ್ವಪ್ನಾ ಸೀದಾ ಬಸ್ ನಿಲ್ದಾಣಕ್ಕೆ ನಡೆದು ಮಾನ್ವಿ ಬಸ್ಸು ಹತ್ತಿದಳು. ಇನ್ನು ಬೀಗವೂ ಸಾಕು, ಚೀಟಿಯೂ ಸಾಕು. ಮುರಿಯುವುದಿದ್ದರೆ ಅವನ ಮುಖ ನೋಡಿಯೇ ಮುರಿಯಲಿ ಎಂದುಕೊಂಡಳು.

ಮಿಲ್ಲಿನಲ್ಲಿ ಯಂತ್ರದ ಸದ್ದಿಗೆ ಕಿವಿ ಗಡಚಿಕ್ಕುತ್ತಿತ್ತು. ಮೈತುಂಬ ತೌಡು ಮೆತ್ತಿಕೊಂಡು ನಿಂತಿದ್ದ ಚನ್ನವೀರ ಅವಳನ್ನು ಕಂಡು ಕಣ್ಣು ಉಜ್ಜಿಕೊಂಡ.

"ನಾ ಪಾಠ ಬಿಡಂಗಿಲ್ರಿ" ಎಂದು ಸ್ವಪ್ನಾ ಕೂಗಿದಳು. "ಆದ್ರ ನೀವಂದ್ರ ನನಗ ಭಾಳ ಇಷ್ಟ."

ಚೀಲ ಹೊತ್ತ ಹಮಾಲರು ನಿಂತಲ್ಲೇ ನಿಂತರು. ಆಫೀಸಿನಿಂದ ಅವನಪ್ಪ ಹೊರಗೆ ಬಂದರು. ಚನ್ನವೀರ ಕೈಸನ್ನೆ ಮಾಡಿ ಯಂತ್ರ ನಿಲ್ಲಿಸಿದ.

"ಬಿಡ್ರಿ ಅಂತ ಯಾರು ಹೇಳ್ಯಾರ?" ಎಂದ. "ನೀವೇ ಬಿಡ್ತೀರಂತ ನಿಮ್ಮತ್ತಿಯವ್ರು ಹೇಳಿದ್ರು. ಬಿಡಬ್ಯಾಡಂತ ಹೇಳ್ರಿ ಅಂತ ನಾ ಮೂರು ಸಲ ಹೇಳಿ ಕಳಿಸೀನಿ."

ಸ್ವಪ್ನಾಳಿಗೆ ನಗು ಬಂತು, ಅಳುವೂ ಬಂತು, ಎರಡೂ ಒಟ್ಟಿಗೇ ಬಂದು ಮೂಗು ಸೋರಿತು.

"ಇನ್ನೊಂದು ಏನೋ ಅಂದ್ರಲ್ಲ" ಎಂದ ಚನ್ನವೀರ. "ಅದು ಸರಿಯಾಗಿ ಕೇಳಿಸಲಿಲ್ರಿ."

"ಸಾವ್ಕಾರ್ರ, ಆ ಕಡಿ ಬಾಗಿಲದಾಗ ನಿಂತ ನನಗೇ ಕೇಳಿಸ್ಯದ" ಎಂದ ಹಿರಿಯ ಹಮಾಲ ಗಡಿಗೆಪ್ಪ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅವನಪ್ಪನೂ ನಕ್ಕರು.

ಚನ್ನವೀರನ ಕಿವಿ ಕೆಂಪಾಯಿತು. "ಕೇಳಿಸ್ಯದ" ಎಂದ. "ಇನ್ನೊಮ್ಮೆ ಬೇಕಾಗಿತ್ತು."

ಯಂತ್ರ ನಿಂತಿತ್ತು, ಕೂಗುವ ಅಗತ್ಯವೇ ಇರಲಿಲ್ಲ. ಸ್ವಪ್ನಾ ಮೊದಲಿಗಿಂತ ಜೋರಾಗಿ ಕೂಗಿ ಹೇಳಿದಳು.